ಕಲ್ಲಂಗಡಿ ಕೆತ್ತಿ ಹಣ್ಣು ತುಂಬುವ ಮೊದಲು: ಓದುಗರ ಪ್ರಶ್ನೆ, ನಮ್ಮ ಉತ್ತರ

ಬೇಸಿಗೆ ಬಂತೆಂದರೆ ನಾಮಕರಣ, ಗೃಹಪ್ರವೇಶ, ಮಕ್ಕಳ ಹುಟ್ಟುಹಬ್ಬದ ಮೇಜಿನ ನಡುವೆ ಕಲ್ಲಂಗಡಿಯನ್ನೇ ಕೊರೆದು ಹಣ್ಣು ತುಂಬಿದ ಬುಟ್ಟಿಯೊಂದು ಕೂರುತ್ತದೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅದರ ಬಗ್ಗೆಯೇ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಪ್ರ: ಮೇ ತಿಂಗಳಲ್ಲಿ ನಾಮಕರಣವಿದೆ, 30 ಜನ ಬರುತ್ತಾರೆ. ಒಂದು ಕಲ್ಲಂಗಡಿ ಬುಟ್ಟಿ ಸಾಕೆ? ಎಂಥ ಹಣ್ಣು ತರಬೇಕು? (ತುಮಕೂರು)

ಉ: ನೋಡಲು ಒಂದು ಸಾಕು, ಬಡಿಸಲು ಸಾಲದು. ತಲೆಗೆ 150 ಗ್ರಾಂ ಎಂದು ಹಿಡಿದರೆ 30 ಜನಕ್ಕೆ ನಾಲ್ಕೂವರೆ ಕಿಲೋ ಹಣ್ಣಿನ ಹೋಳು ಬೇಕು. ಐದು ಕಿಲೋ ತೂಗುವ ದುಂಡನೆಯ ಕಡುಹಸಿರು ಕಲ್ಲಂಗಡಿಯನ್ನು (ಶುಗರ್ ಬೇಬಿ ಜಾತಿಯದು) ಅರ್ಧಕ್ಕೆ ಕತ್ತರಿಸಿ ಟೊಳ್ಳು ಮಾಡಿದರೆ ಒಳಗೆ ಹಿಡಿಯುವುದು ಎರಡು ಲೀಟರಿಗೂ ಕಡಿಮೆ. ಹೋಳುಗಳ ನಡುವೆ ಸಂದು ಇರುತ್ತದಾದ್ದರಿಂದ ಗೋಪುರವಾಗಿ ತುಂಬಿದರೂ ಒಂದೂಕಾಲು ಕಿಲೋ ದಾಟುವುದು ಕಷ್ಟ. ಎಂಟೊಂಬತ್ತು ಕಿಲೋದ ಪಟ್ಟೆಪಟ್ಟೆಯ ಉದ್ದ ಹಣ್ಣನ್ನು ಮಲಗಿಸಿ ಕೊರೆದರೆ ಎರಡು, ಎರಡೂಕಾಲು ಕಿಲೋ ಹಿಡಿಯುತ್ತದೆ. ನಿಮಗೆ ಬೇಕಾದ್ದು ಈ ಎರಡನೆಯದು. ಅರ್ಧ ಸಲಾಡ್ ಬುಟ್ಟಿಯಲ್ಲಿರಲಿ, ಉಳಿದರ್ಧ ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿರಲಿ. ಖಾಲಿಯಾದಂತೆ ತುಂಬಿ.

ಆ ನಾಲ್ಕೂವರೆ ಕಿಲೋದ ಲೆಕ್ಕ: ಕಲ್ಲಂಗಡಿ ತಿರುಳು ಒಂದೂಮುಕ್ಕಾಲು ಕಿಲೋ, ಕರಬೂಜ 900 ಗ್ರಾಂ, ಅನಾನಸ್ 600, ಬೀಜವಿಲ್ಲದ ದ್ರಾಕ್ಷಿ 500, ಮಾವು 500, ದಾಳಿಂಬೆ ಕಾಳು 250. ಇವೆಲ್ಲ ಸಿಪ್ಪೆ, ಬೀಜ ತೆಗೆದ ಮೇಲಿನ ತೂಕ. ಅನಾನಸ್ಸಿನಲ್ಲಿ ಅರ್ಧಕ್ಕರ್ಧ ಸಿಪ್ಪೆ, ದಿಂಡಿಗೇ ಹೋಗುತ್ತದೆ, ಆದ್ದರಿಂದ 1.3 ಕಿಲೋ ತನ್ನಿ. ಮಾವಿನಲ್ಲಿ ಬಾದಾಮಿ ಅಥವಾ ಮಲ್ಲಿಕಾ ತೆಗೆದುಕೊಳ್ಳಿ, ಅದೂ ಪೂರ್ತಿ ಹಣ್ಣಾಗಲು ಇನ್ನೊಂದು ದಿನ ಬೇಕು ಎನ್ನುವಷ್ಟು ಗಟ್ಟಿಯಾಗಿರುವುದು. ರಸಪುರಿ ರುಚಿಯಲ್ಲಿ ರಾಜನೇ ಇರಬಹುದು, ಸಲಾಡಿನಲ್ಲಿ ಮಾತ್ರ ಕರಗಿ ಎಲ್ಲಕ್ಕೂ ಹಳದಿ ಬಳಿಯುತ್ತದೆ. ಬಾಳೆ, ಸಪೋಟ, ಸೇಬು ಕಪ್ಪಾಗುತ್ತವೆ. ಪರಂಗಿ ಮೆತ್ತಗಾಗಿ ಒಡೆಯುತ್ತದೆ. ಈ ನಾಲ್ಕನ್ನೂ ಬಿಡುವುದೇ ವಾಸಿ.

ಕೊಳ್ಳುವಾಗ ಹಣ್ಣು ನೆಲಕ್ಕೆ ತಾಗಿದ್ದ ಕಡೆಯ ಮಚ್ಚೆ ನೋಡಿ. ಬೆಣ್ಣೆಹಳದಿ ಇದ್ದರೆ ಬಲಿತಿದೆ, ಬಿಳಿ ಇದ್ದರೆ ಬೇಗ ಕಿತ್ತಿದ್ದಾರೆ. ಕಲ್ಲಂಗಡಿ ಕಿತ್ತ ಮೇಲೆ ಸಿಹಿಯಾಗುವ ಹಣ್ಣಲ್ಲ. ಮಾವಿನ ಹಾಗೆ ಮನೆಯಲ್ಲಿಟ್ಟು ಕಾದರೆ ಏನೂ ಆಗದು. ತಟ್ಟಿದಾಗ ‘ಡಬ್’ ಎಂದರೆ ಒಳ್ಳೆಯದು, ‘ಟಣ್’ ಎಂದರೆ ಎಳಸು. ತೀರಾ ಮೆತ್ತಗಿನ ಸದ್ದು ಬಂದರೆ ಒಳಗೆ ಹಿಟ್ಟುಹಿಟ್ಟಾಗಿರುತ್ತದೆ, ಸಲಾಡಿಗೆ ತಿರುಳನ್ನು ಉಂಡೆಯಾಗಿ ತೆಗೆಯಲು ಬರುವುದಿಲ್ಲ.

ಪ್ರ: ಹಿಡಿ ಇರುವ ಬುಟ್ಟಿ ಮಾಡಹೊರಟರೆ ಎರಡು ಸಲವೂ ಹಿಡಿ ಮುರಿಯಿತು. ಒಂದು ಸಲ ಚಾಕು ಇಟ್ಟ ಕೂಡಲೇ ಹಣ್ಣೇ ಸೀಳಿತು. (ದಾವಣಗೆರೆ)

ಉ: ಸೀಳುವುದಕ್ಕೆ ಕಾರಣ ಹಣ್ಣಿನೊಳಗಿನ ಬಿಗಿ. ನೀರು ತುಂಬಿದ ಹಣ್ಣಿನ ಸಿಪ್ಪೆ ಬಿಗಿದ ಡೋಲಿನಂತಿರುತ್ತದೆ, ದಪ್ಪ ಬೆನ್ನಿನ ಚಾಕು ಅದರಲ್ಲಿ ಬೆಣೆಯಂತೆ ಕೆಲಸ ಮಾಡುತ್ತದೆ. ನಾಲ್ಕೈದು ಅಂಗುಲದ ತೆಳು ಅಲಗಿನ ಚಾಕು ತೆಗೆದುಕೊಳ್ಳಿ. ಎಳೆದು ಕೊಯ್ಯದೆ, ಗೆರೆಯುದ್ದಕ್ಕೂ ಚುಚ್ಚಿ ತೆಗೆದು ಚುಚ್ಚಿ ತೆಗೆದು ಮುಂದುವರಿಯಿರಿ. ಫ್ರಿಜ್‌ನಿಂದ ತೆಗೆದ ಹಣ್ಣನ್ನು ಎರಡು ಗಂಟೆ ಹೊರಗಿಟ್ಟು ಆಮೇಲೆ ಕೈ ಹಾಕಿ.

ಮೊದಲು ಹಣ್ಣನ್ನು ನಲ್ಲಿ ನೀರಿನ ಕೆಳಗೆ ಬ್ರಷ್‌ನಿಂದ ಉಜ್ಜಿ ತೊಳೆದು ಒರೆಸಿ. ಸಿಪ್ಪೆಯ ಮೇಲಿನ ಹೊಲದ ಮಣ್ಣು ಚಾಕುವಿನ ಜೊತೆ ತಿರುಳಿಗೆ ಹೋಗುತ್ತದೆ, ಇದನ್ನು ಬಹಳ ಜನ ಮರೆಯುತ್ತಾರೆ. ಹಣ್ಣು ಉರುಳದಂತೆ ಬಟ್ಟೆಯ ಸಿಂಬೆಯ ಮೇಲೆ ಕೂರಿಸಿ. ಅಡಿಯನ್ನು ಚಪ್ಪಟೆ ಕೊಯ್ದುಕೊಳ್ಳುವ ಪದ್ಧತಿಯೂ ಇದೆ. ಅರ್ಧ ಸೆಂಟಿಮೀಟರ್ ದಾಟಿದರೆ ಬಿಳಿ ಭಾಗ ತೆಳುವಾಗಿ, ಒಳಗಿಂದ ಕೊರೆಯುವಾಗ ತೂತು ಬೀಳುತ್ತದೆ. ಸಿಂಬೆಗೆ ಆ ಅಪಾಯವಿಲ್ಲ. ಮೇಜಿನ ಮೇಲೆ ಅದನ್ನು ಬಾಳೆಲೆಯಲ್ಲೋ ಹೂವಿನಲ್ಲೋ ಮುಚ್ಚಿದರಾಯಿತು.

ಗೆರೆ ಹಾಕಲು ಟೂತ್‌ಪಿಕ್ ತುದಿಯಿಂದ ಗೀರಿ. ಸ್ಕೆಚ್ ಪೆನ್ ಬೇಡ, ಶಾಯಿ ಒದ್ದೆ ಕೈಗೆ ಹತ್ತಿ ತಿರುಳಿಗೆ ಬರುತ್ತದೆ. ಹಣ್ಣಿನ ಎತ್ತರದ ಐದರಲ್ಲಿ ಮೂರು ಪಾಲು ಮೇಲಕ್ಕೆ ಸುತ್ತಲೂ ಒಂದು ಗೆರೆ. ನಟ್ಟನಡುವೆ, ಅಡ್ಡಲಾಗಿ, ಐದು ಸೆಂಟಿಮೀಟರ್ ಅಗಲದ ಹಿಡಿಗೆ ಎರಡು ಗೆರೆ. ಈಗ ಹಿಡಿಯ ನೆಟ್ಟನೆಯ ಕೊಯ್ತ ಮೊದಲು: ಮೇಲಿಂದ ಇಳಿಸುತ್ತ ಬಂದು ಅಡ್ಡಗೆರೆಗೆ ಒಂದು ಸೆಂಟಿಮೀಟರ್ ಇರುವಾಗಲೇ ನಿಲ್ಲಿಸಿ. ಬಳಿಕ ಬದಿಯಿಂದ ಅಡ್ಡ ಕೊಯ್ತ ತಂದು ಅದಕ್ಕೆ ಸೇರಿಸಿ. ನಿಮ್ಮ ಹಿಡಿ ಮುರಿದದ್ದು ಬಹುಶಃ ಇಲ್ಲಿಯೇ. ಅಡ್ಡ ಕೊಯ್ತ ಹಿಡಿಯ ಬುಡದೊಳಕ್ಕೆ ಕಾಲು ಅಂಗುಲ ನುಗ್ಗಿದರೂ ಸಾಕು, ಆ ಗಾಯದಿಂದಲೇ ಹಿಡಿ ಬಿರಿಯುತ್ತದೆ. ಎರಡು ಕಡೆಯ ತುಂಡುಗಳನ್ನು ಎತ್ತಿದ ಮೇಲೆ ಹಿಡಿಯ ಕೆಳಗಿನ ತಿರುಳನ್ನು ಪೂರ್ತಿ ಕೆರೆಯಬೇಡಿ. ಬಿಳಿಯ ಜೊತೆ ಒಂದು ಸೆಂಟಿಮೀಟರ್ ಕೆಂಪು ಉಳಿಯಲಿ. ಹಿಡಿ ಇರುವುದು ಕಣ್ಣಿಗೆ. ಅದನ್ನು ಹಿಡಿದು ಬುಟ್ಟಿ ಎತ್ತಿದರೆ ಎಂಥ ಕೆತ್ತನೆಯೂ ಉಳಿಯದು.

ಅಂಚಿಗೆ ಗರಗಸದ ಹಲ್ಲು ಬೇಕಿದ್ದರೆ ಒಂದು ದಾರ ಸುತ್ತಿ ಅಳೆಯಿರಿ. ಸುತ್ತಳತೆ 66 ಸೆಂಟಿಮೀಟರ್ ಬಂದರೆ ಮೂರು ಸೆಂಟಿಮೀಟರಿಗೊಂದರಂತೆ 22 ಹಲ್ಲು. ಅಳೆಯದೆ ಅಂದಾಜಿನಲ್ಲಿ ಹೋದವರಿಗೆ ಕೊನೆಯಲ್ಲಿ ಅರ್ಧ ಹಲ್ಲು ಉಳಿಯುತ್ತದೆ, ಅದು ಎಲ್ಲರ ಕಣ್ಣಿಗೂ ಬೀಳುತ್ತದೆ.

ಪ್ರ: ಅರ್ಧ ಗಂಟೆಯಲ್ಲಿ ಬುಟ್ಟಿಯ ತಳದಲ್ಲಿ ನೀರು ನಿಂತು ಹಣ್ಣೆಲ್ಲ ತೇಲುತ್ತದೆ. ಏನು ಮಾಡುವುದು? (ಬಳ್ಳಾರಿ)

ಉ: ಕಲ್ಲಂಗಡಿಯಲ್ಲಿ ಶೇಕಡಾ 92ರಷ್ಟು ನೀರೇ. ನಾವು ಮಾಡಬಹುದಾದದ್ದು ಅದು ಹೊರಗೆ ಬರುವುದನ್ನು ತಡಮಾಡುವುದಷ್ಟೆ.

ಉಪ್ಪಾಗಲಿ ಸಕ್ಕರೆಯಾಗಲಿ ತಾಗಿದರೆ ಹೋಳು ನೀರು ಬಿಡುತ್ತದೆ. ಉಪ್ಪು ಬೆರೆಸಿದ ಸೌತೆಕಾಯಿ ಕೋಸಂಬರಿ ಹತ್ತು ನಿಮಿಷದಲ್ಲಿ ಏನಾಗುತ್ತದೆ ನೆನೆಸಿಕೊಳ್ಳಿ. ಆದ್ದರಿಂದ ಮಸಾಲೆಯನ್ನು ಹಣ್ಣಿಗೆ ಮೊದಲೇ ಬೆರೆಸಬೇಡಿ. ಮೂರು ನಿಂಬೆಹಣ್ಣಿನ ರಸ, ಮೂರು ದೊಡ್ಡ ಚಮಚ ಜೇನು, ಒಂದು ಸಣ್ಣ ಚಮಚ ಶುಂಠಿ ರಸ, ಕೈಯಲ್ಲಿ ಹರಿದ ಹದಿನೈದು ಪುದೀನ ಎಲೆ: ಇಷ್ಟನ್ನು ಒಂದು ಲೋಟದಲ್ಲಿ ಕಲಸಿಡಿ, ಬಡಿಸುವ ಐದು ನಿಮಿಷ ಮೊದಲು ಸುರಿಯಿರಿ. ಉಪ್ಪು, ಕಾಳುಮೆಣಸಿನ ಪುಡಿ, ಚಾಟ್ ಮಸಾಲ ಪಕ್ಕದ ಬಟ್ಟಲಲ್ಲಿರಲಿ, ಬೇಕಾದವರು ಹಾಕಿಕೊಳ್ಳುತ್ತಾರೆ.

ಎರಡನೆಯ ಮೂಲ ಬುಟ್ಟಿಯ ಗೋಡೆ. ಕೆರೆದು ಬಿಟ್ಟ ತಿರುಳು ರಸ ಸುರಿಸುತ್ತಲೇ ಇರುತ್ತದೆ. ಬುಟ್ಟಿಯ ಒಳಗೋಡೆಯನ್ನು ಚಮಚದ ಬೆನ್ನಿನಿಂದ ನಯ ಮಾಡಿ. ಹಿಡಿ ಇಲ್ಲದ್ದಾದರೆ ಜಾಲರಿಯ ಮೇಲೆ ಅರ್ಧ ಗಂಟೆ ಬೋರಲು ಹಾಕಿ, ಹಿಡಿ ಇದ್ದರೆ ವಾಲಿಸಿ ರಸ ಬಸಿದು ಬಟ್ಟೆಯಿಂದ ಒತ್ತಿ ಒರೆಸಿ. ಕಲ್ಲಂಗಡಿ ಉಂಡೆಗಳನ್ನೂ ತೂತಿನ ಪಾತ್ರೆಯಲ್ಲಿ ಹಾಕಿ ಫ್ರಿಜ್‌ನಲ್ಲಿಡಿ. ಕೆಳಗಿಳಿದ ರಸ ಪಾನಕಕ್ಕಾಯಿತು. ಕೊನೆಯದಾಗಿ, ತುಂಬುವ ಮುನ್ನ ಬುಟ್ಟಿಯ ತಳದಲ್ಲಿ ತೂತುಳ್ಳ ಸಣ್ಣ ಸ್ಟೀಲ್ ತಟ್ಟೆಯೊಂದನ್ನು ಕವುಚಿ ಹಾಕಿ. ನೀರು ಅದರಡಿಗೆ ಸೇರುತ್ತದೆ, ಹಣ್ಣು ಮೇಲೆ ಒಣಗಿರುತ್ತದೆ. ನೋಡುವವರಿಗೆ ಗೊತ್ತೂ ಆಗುವುದಿಲ್ಲ. ದಾಳಿಂಬೆ ಕಾಳನ್ನು ಎಲ್ಲಕ್ಕಿಂತ ಕೊನೆಗೆ ಮೇಲೆ ಉದುರಿಸಿ, ಮೊದಲೇ ಕಲಸಿದರೆ ಕರಬೂಜವೆಲ್ಲ ಗುಲಾಬಿ ಬಣ್ಣ.

ಪ್ರ: ಹಣ್ಣಿಗೆ ಸಿಹಿ ಮೊಸರು ಬೆರೆಸಿಟ್ಟಿದ್ದು ಒಂದು ಗಂಟೆಗೆ ಕಹಿಯಾಯಿತು. ಮೊಸರು ಕೆಟ್ಟಿತ್ತೆ? (ಮಂಗಳೂರು)

ಉ: ಮೊಸರಿನದು ತಪ್ಪಿಲ್ಲ, ಹಸಿ ಅನಾನಸ್ಸಿನದು. ಅದರಲ್ಲಿರುವ ಬ್ರೋಮೆಲೈನ್ ಎಂಬ ಕಿಣ್ವ ಹಾಲಿನ ಪ್ರೋಟೀನನ್ನು ಒಡೆಯುತ್ತದೆ, ಆ ಚೂರುಗಳು ಕಹಿ. ಪರಂಗಿಯಲ್ಲೂ ಇಂಥದ್ದೇ ಒಂದಿದೆ. ಅನಾನಸ್ ಹೋಳನ್ನು ಸ್ವಲ್ಪ ಸಕ್ಕರೆ ಹಾಕಿ ಐದು ನಿಮಿಷ ಕುದಿಸಿ ಆರಿಸಿದರೆ ಕಿಣ್ವ ಸಾಯುತ್ತದೆ, ಆಮೇಲೆ ಮೊಸರು, ಕಸ್ಟರ್ಡ್, ಐಸ್‌ಕ್ರೀಮ್ ಯಾವುದರ ಜೊತೆಗಾದರೂ ಹೊಂದುತ್ತದೆ. ಆದರೆ ಕಲ್ಲಂಗಡಿ ಬುಟ್ಟಿಯೊಳಗೆ ಕಸ್ಟರ್ಡ್ ಸುರಿಯುವ ಆಲೋಚನೆ ಬಿಡಿ. ಗೋಡೆಯ ರಸ ಇಳಿದು ಅದು ಗಂಜಿಯಾಗುತ್ತದೆ. ಐಸ್‌ಕ್ರೀಮ್ ಇದ್ದರೆ ಬಟ್ಟಲಿಗೆ ಹಣ್ಣು ಹಾಕಿ ಮೇಲೊಂದು ಉಂಡೆ ಕೊಡಿ.

ಪ್ರ: ಹಿಂದಿನ ರಾತ್ರಿಯೇ ಕತ್ತರಿಸಿಡಬಹುದೆ? ಮೇಜಿನ ಮೇಲೆ ಎಷ್ಟು ಹೊತ್ತು ಇರಬಹುದು? (ರಾಯಚೂರು)

ಉ: ಬುಟ್ಟಿ ಕೊರೆಯುವುದು ರಾತ್ರಿಯೇ ಆಗಲಿ. ಒದ್ದೆ ಬಟ್ಟೆ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಹೊದಿಸಿ ಫ್ರಿಜ್‌ನಲ್ಲಿಡಿ. ಬಟ್ಟೆ ಇಲ್ಲದಿದ್ದರೆ ಬೆಳಗ್ಗೆ ಹಲ್ಲುಗಳ ತುದಿ ಬಾಡಿ ಒಳಕ್ಕೆ ಮಡಚಿರುತ್ತವೆ. ಕರಬೂಜ, ಅನಾನಸ್ ರಾತ್ರಿ ಕತ್ತರಿಸಬಹುದು, ಬೇರೆ ಬೇರೆ ಡಬ್ಬಿಯಲ್ಲಿ. ಕಲ್ಲಂಗಡಿ, ಮಾವು ಬೆಳಗ್ಗೆಯೇ.

ಹೊರಗಿಡುವ ಲೆಕ್ಕ ಕಟ್ಟುನಿಟ್ಟು. ಕಲ್ಲಂಗಡಿ, ಕರಬೂಜಗಳಲ್ಲಿ ಹುಳಿ ಬಹಳ ಕಡಿಮೆ, ಕತ್ತರಿಸಿದ ಮೇಲೆ ರೋಗಾಣುಗಳು ಬೇಗ ಬೆಳೆಯುತ್ತವೆ. ಸಾಮಾನ್ಯವಾಗಿ ಎರಡು ಗಂಟೆ, ಸೆಖೆ 32 ಡಿಗ್ರಿ ದಾಟಿದರೆ ಒಂದೇ ಗಂಟೆ. ಏಪ್ರಿಲ್, ಮೇಯಲ್ಲಿ ರಾಯಚೂರಿನ ಶಾಮಿಯಾನದಡಿ ನಿಮಗಿರುವುದು ಆ ಒಂದು ಗಂಟೆಯೇ. ಬುಟ್ಟಿಯನ್ನು ಐಸ್ ತುಂಬಿದ ಅಗಲ ಹರಿವಾಣದಲ್ಲಿ ಕೂರಿಸಿದರೂ ತಂಪು ತಾಗುವುದು ತಳಕ್ಕೆ ಮಾತ್ರ. ದಪ್ಪ ಸಿಪ್ಪೆ ಅದನ್ನು ಮೇಲಕ್ಕೆ ಬಿಡುವುದಿಲ್ಲ. ಸ್ವಲ್ಪ ಸ್ವಲ್ಪವೇ ತುಂಬುವುದು ಇದಕ್ಕಿಂತ ಒಳ್ಳೆಯ ಉಪಾಯ.

ಪ್ರ: ಕೊಯ್ದಾಗ ಒಳಗೆ ನಡುವೆ ದೊಡ್ಡ ಬಿರುಕಿತ್ತು. ಏನಾದರೂ ಚುಚ್ಚಿದ ಹಣ್ಣೆ? (ಹಾಸನ)

ಉ: ಅಲ್ಲ. ಹೂವಿಗೆ ಪರಾಗ ಸರಿಯಾಗಿ ಸೇರದೆ ತಿರುಳು ಒಂದೇ ಸಮ ಬೆಳೆಯದಿದ್ದಾಗ ಹೀಗಾಗುತ್ತದೆ. ತಿನ್ನಲು ತೊಂದರೆಯಿಲ್ಲ. ಉಂಡೆ ಕಡಿಮೆ ಸಿಗುತ್ತವೆ ಅಷ್ಟೆ, ಚೌಕ ಹೋಳು ಮಾಡಿ.

ಪ್ರ: ಛತ್ರದ ರಿಸೆಪ್ಶನ್‌ಗಳಲ್ಲಿ ಕಲ್ಲಂಗಡಿ ಮೇಲೆ ಹೂವು, ಹೆಸರು ಕೆತ್ತಿರುತ್ತಾರೆ. ಮನೆಯಲ್ಲಿ ಸಾಧ್ಯವೆ? (ಶಿವಮೊಗ್ಗ)

ಉ: ಹೆಸರು ಖಂಡಿತ ಸಾಧ್ಯ, ಹೂವಿಗೆ ನಾಲ್ಕೈದು ಹಣ್ಣಿನ ಅಭ್ಯಾಸ ಬೇಕು. ಕೆಲಸವೆಲ್ಲ ಮೂರು ಬಣ್ಣದ್ದು: ಹೊರಗೆ ಒಂದೆರಡು ಮಿಲಿಮೀಟರ್ ಹಸಿರು, ಅದರಡಿ ಒಂದು ಸೆಂಟಿಮೀಟರ್ ಬಿಳಿ, ಮತ್ತೆ ಕೆಂಪು. ಅಕ್ಷರಕ್ಕೆ ಕಡುಹಸಿರು ಹಣ್ಣೇ ಬೇಕು, ಪಟ್ಟೆ ಹಣ್ಣಿನಲ್ಲಿ ಓದಲಾಗದು. ಕಾಗದದಲ್ಲಿ ದಪ್ಪಕ್ಷರ ಬರೆದು ಹಣ್ಣಿಗೆ ಟೇಪ್ ಹಚ್ಚಿ, ಅಂಚಿನುದ್ದಕ್ಕೂ ಗುಂಡುಸೂಜಿಯಿಂದ ಚುಚ್ಚಿ. ಕಾಗದ ತೆಗೆದು ಚುಕ್ಕೆಗಳನ್ನು ಚೂಪಾದ ಚಾಕುವಿನಿಂದ ಎರಡು ಮಿಲಿಮೀಟರ್ ಆಳಕ್ಕೆ ಸೇರಿಸಿ, ಒಳಗಿನ ಹಸಿರನ್ನು ಎಬ್ಬಿ ತೆಗೆಯಿರಿ. ಕನ್ನಡ ಅಕ್ಷರದ ಒಳಸುತ್ತುಗಳೇ (ಠ, ಧ, ಥ) ಇಲ್ಲಿ ತೊಡಕು: ನಡುವಿನ ಹಸಿರು ತುಣುಕು ಜಾರದಂತೆ ಅಕ್ಷರ ಕನಿಷ್ಠ ಐದು ಸೆಂಟಿಮೀಟರ್ ಎತ್ತರವಿರಲಿ. ಕೆತ್ತುವಾಗ ಆಗಾಗ ನೀರು ಚಿಮುಕಿಸಿ, ಒಣಗಿದರೆ ಬಿಳಿ ಕಂದಾಗುತ್ತದೆ. ಹೀಗೆ ಕೆತ್ತಿದ ಗೋಡೆಗೆ ಒಳಗಿಂದ ಎರಡು ಸೆಂಟಿಮೀಟರ್ ಕೆಂಪು ಬಿಡಲೇಬೇಕು.

ಪ್ರ: ಕೊರೆದು ಉಳಿದ ಸಿಪ್ಪೆಯ ಬಿಳಿ ಭಾಗ ಎಸೆಯಬೇಕೆ? (ಕುಂದಾಪುರ)

ಉ: ಬಚ್ಚಂಗಾಯಿ (ಕಲ್ಲಂಗಡಿ) ದೋಸೆಯ ಊರಿನವರು ಈ ಪ್ರಶ್ನೆ ಕೇಳಬಹುದೆ! ಎತ್ತಿದ ಎರಡು ತುಂಡುಗಳ ಹಸಿರು ಹೆರೆದು ಬಿಳಿಯನ್ನು ಹೆಚ್ಚಿ. ಒಂದು ಲೋಟ ದೋಸೆ ಅಕ್ಕಿಯನ್ನು ನಾಲ್ಕು ಗಂಟೆ ನೆನೆಸಿ, ಒಂದೂವರೆ ಲೋಟ ಹೋಳು, ಎರಡು ಚಮಚ ತೆಂಗಿನತುರಿ, ಉಪ್ಪಿನೊಡನೆ ನೀರು ಹಾಕದೆ ರುಬ್ಬಿ. ಹುದುಗು ಬೇಡ. ಸ್ವಲ್ಪ ದಪ್ಪಗೆ ಹುಯ್ದು ಮುಚ್ಚಿ ಬೇಯಿಸಿ. ಹಿಟ್ಟು ನೀರಾಗಿ ಕಾವಲಿಗೆ ಅಂಟಿದರೆ ಎರಡು ಚಮಚ ಅಕ್ಕಿಹಿಟ್ಟು ಸೇರಿಸಿ. ಮಜ್ಜಿಗೆಹುಳಿಗೂ ಇದೇ ಬಿಳಿ ಹೊಂದುತ್ತದೆ. ಇದೆಲ್ಲ ಮೊದಲೇ ತೆಗೆದಿಟ್ಟ ತುಂಡಿನ ಮಾತು. ಮೇಜಿನ ಮೇಲೆ ಹತ್ತು ಕೈ ತಾಗಿ ಕೂತ ಬುಟ್ಟಿಯನ್ನು ಹಸುವಿಗೆ ಹಾಕಿ, ಟೂತ್‌ಪಿಕ್ ಸಿಕ್ಕಿಕೊಂಡಿಲ್ಲವೆಂದು ನೋಡಿಕೊಂಡು.