ಪ್ರತಿ: ಖಾಸಗಿ ಆಸ್ಪತ್ರೆಗೆ ಸರ್ಕಾರ ನಿಯಮ ಹಾಕಬಹುದಾ?

ಸಾರ್, ಚಿಂತಾಮಣಿಯಲ್ಲಿ ನರ್ಸಿಂಗ್ ಹೋಮ್ ನಡೆಸುವ ನಿಮ್ಮ ಭಾವ, ‘ದರಪಟ್ಟಿ ಹಾಕಿ, ಎಮರ್ಜೆನ್ಸಿಯಲ್ಲಿ ಅಡ್ವಾನ್ಸ್ ಕೇಳಬೇಡಿ ಅನ್ನುವ ಕಾನೂನೇ ಸಂವಿಧಾನಕ್ಕೆ ವಿರುದ್ಧ’ ಅಂತಾರೆ, ನಿಜವಾ ಅಂತ ಕೇಳಿದ್ದೀರಿ.

ನನಗೆ ಹಾಗನ್ನಿಸುವುದಿಲ್ಲ. ವೃತ್ತಿ ನಡೆಸುವ ಹಕ್ಕು 19ನೇ ವಿಧಿಯಲ್ಲಿದೆ, ಸರಿ. ಆದರೆ ಜನರ ಹಿತಕ್ಕಾಗಿ ಅದಕ್ಕೆ ನ್ಯಾಯವಾದ ಮಿತಿ ಹಾಕಬಹುದು ಅಂತ ಅದೇ ವಿಧಿ ಮುಂದೆ ಹೇಳುತ್ತದೆ. ಭಾವ ಅರ್ಧಕ್ಕೇ ಪುಸ್ತಕ ಮುಚ್ಚಿದ್ದಾರೆ! ಆಸ್ಪತ್ರೆ ರಾಜ್ಯ ಪಟ್ಟಿಯ ವಿಷಯ, ಅಂದರೆ ಅದರ ಬಗ್ಗೆ ಕಾನೂನು ಮಾಡುವುದು ರಾಜ್ಯದ ಅಧಿಕಾರ. ಭಾವ ಹೇಳುವ ಕಾನೂನು, ಅಂದರೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ (ಕೆಪಿಎಂಇ), ಬಂದಿದ್ದು ಆ ಅಧಿಕಾರದಿಂದಲೇ. 2017ರಲ್ಲಿ ಅದರ ತಿದ್ದುಪಡಿ ವಿರುದ್ಧ ಡಾಕ್ಟರುಗಳು ಓಪಿಡಿ ಮುಚ್ಚಿ ಮುಷ್ಕರ ಮಾಡಿದ್ದು ನೆನಪಿದೆ ಅಲ್ವಾ?

ಎಮರ್ಜೆನ್ಸಿ ವಿಷಯ ಇನ್ನೂ ಹಳೆಯದು. ಸರ್ಕಾರಿಯಾಗಲಿ ಖಾಸಗಿಯಾಗಲಿ, ಜೀವ ಉಳಿಸುವುದು ಪ್ರತಿ ವೈದ್ಯರ ಕರ್ತವ್ಯ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. 1996ರ ಕೇಸು ಓದಿ. ಬಂಗಾಳದಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದವನನ್ನು ಒಂದರ ಹಿಂದೆ ಒಂದು ಸರ್ಕಾರಿ ಆಸ್ಪತ್ರೆ ವಾಪಸ್ ಕಳಿಸಿತು. ಇದು 21ನೇ ವಿಧಿಯ ಜೀವಿಸುವ ಹಕ್ಕಿನ ಉಲ್ಲಂಘನೆ ಅಂತ ಹೇಳಿ ಕೋರ್ಟ್ 25,000 ರೂಪಾಯಿ ಪರಿಹಾರ ಕೊಡಿಸಿತು.

ಭಾವನ ಮಾತಲ್ಲಿ ಒಂದು ಸತ್ವ ಇದೆ. ಮಿತಿ ನ್ಯಾಯವಾಗಿರಬೇಕು. ಹತ್ತು ಹಾಸಿಗೆಯ ನರ್ಸಿಂಗ್ ಹೋಮಿಗೂ ಬೆಂಗಳೂರಿನ ಕಾರ್ಪೊರೇಟ್ ಆಸ್ಪತ್ರೆಗೂ ಒಂದೇ ದರ ಕಟ್ಟಿದರೆ ಕೋರ್ಟಲ್ಲಿ ಗಟ್ಟಿಯಾಗಿ ವಾದಿಸಬಹುದು. ದರಪಟ್ಟಿ ತೂಗುಹಾಕಿ ಅನ್ನುವುದಕ್ಕೆ ಆ ವಾದ ನಿಲ್ಲುವುದಿಲ್ಲ.

ಇದಕ್ಕೆ ಅಮೆರಿಕದ ಒಬಾಮಾ ಕಾಲದ ಆರೋಗ್ಯ ವಿಮೆ ಕಾಯ್ದೆಯನ್ನು ಸುಮ್ನೆ ಎಳೆದು ತರಬೇಡಿ. ಅಲ್ಲಿ ಮುಖ್ಯ ಜಗಳ ವಿಮೆ ಕಡ್ಡಾಯ ಮಾಡಿದ್ದಕ್ಕೆ. 2012ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ತೆರಿಗೆ ಅಂತ ಪರಿಗಣಿಸಿ 5–4ರ ಬಹುಮತದಲ್ಲಿ ಉಳಿಸಿತು.