ವಾಶಿಯ ವ್ಯಾಪಾರಿ ದುಡ್ಡು ಕೊಡದಿದ್ದರೆ ಟ್ಯಾಲಿ ಲೆಕ್ಕ ಕೋರ್ಟಿನಲ್ಲಿ ನಡೆಯುತ್ತಾ?

ಬ್ಯಾಡಗಿಯಿಂದ ನವಿ ಮುಂಬೈನ ವಾಶಿಗೆ ಮೆಣಸಿನಕಾಯಿ ಕಳಿಸಿದ್ದೀರಿ, ದುಡ್ಡು ಬಂದಿಲ್ಲ, ಕೈಯಲ್ಲಿರೋದು ಟ್ಯಾಲಿ (ಕಂಪ್ಯೂಟರಿನಲ್ಲಿ ಲೆಕ್ಕ ಬರೆಯೋ ಸಾಫ್ಟ್‌ವೇರ್) ಲೆಕ್ಕ ಮತ್ತು ವಾಟ್ಸಾಪ್ ಮೆಸೇಜು, ಇಷ್ಟೇ ಸಾಕಾ ಅಂತ ಕೇಳಿದ್ದೀರಿ. ನಾನು ವಕೀಲನಲ್ಲ. ವಾಶಿ ಎಪಿಎಂಸಿಯ ಮಸಾಲೆ ಮಾರ್ಕೆಟ್ಟಿನಲ್ಲಿ ಲೆಕ್ಕ ಬರೆಯುತ್ತೇನೆ, ನಮ್ಮ ಸೇಠರ ವಸೂಲಿ ಕೇಸುಗಳಲ್ಲಿ ಸಾಕ್ಷಿ ಹೇಳಿ ಬಂದಿದ್ದೇನೆ.

ಟ್ಯಾಲಿ ನಡೆಯುತ್ತೆ, ಆದರೆ ಅದೊಂದೇ ಸಾಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 28ನೇ ಕಲಮು ಹೇಳೋದೇ ಅದನ್ನ. ನಮ್ಮ ಪುಸ್ತಕದಲ್ಲಿ ನಾವು ಯಾರ ಹೆಸರಿಗೆ ಎಷ್ಟು ಬೇಕಾದರೂ ಬರೆದುಕೊಳ್ಳಬಹುದು, ಅಲ್ವಾ? ಬಿಡಿ ಹಾಳೆಯ ಲೆಕ್ಕವಂತೂ ಬೇಡವೇ ಬೇಡ, ರಾಜಕಾರಣಿಗಳಿಗೆ ದುಡ್ಡು ಕೊಟ್ಟ ಆರೋಪದ ಜೈನ್ ಹವಾಲಾ ಕೇಸಿನಲ್ಲಿ 1998ರಲ್ಲೇ ಸುಪ್ರೀಂ ಕೋರ್ಟು ಅದನ್ನ ಲೆಕ್ಕದ ಪುಸ್ತಕ ಅಂತ ಒಪ್ಪಲಿಲ್ಲ.

ಹಾಗಾಗಿ ಬೇರೆಯವರ ಕೈಯಿಂದ ಬಂದ ಕಾಗದ ಹುಡುಕಿ. ಲಾರಿಯವರ ಎಲ್‌ಆರ್ (ಮಾಲು ತುಂಬಿಕೊಂಡದ್ದಕ್ಕೆ ಕೊಡೋ ರಸೀದಿ), ಲಾರಿ ತೂಕದ ವೇಬ್ರಿಜ್ ಚೀಟಿ, ಮಾಲು ಸಾಗಿಸೋಕೆ ಜಿಎಸ್‌ಟಿಯಲ್ಲಿ ತೆಗೆಯೋ ಇ-ವೇ ಬಿಲ್, ಎಲ್ಲಕ್ಕಿಂತ ಹೆಚ್ಚಾಗಿ ಮಾಲು ಇಳಿಸಿಕೊಂಡಾಗ ವಾಶಿಯ ವ್ಯಾಪಾರಿ ಕಡೆಯವರು ಸಹಿ ಮಾಡಿದ ಚಲನ್. ನಮ್ಮದೊಂದು ಕೇಸಿನಲ್ಲಿ ಚಲನ್ ಮೇಲೆ ಸಹಿ ಇತ್ತು, ಅಂಗಡಿಯ ಶಿಕ್ಕಾ ಇರಲಿಲ್ಲ. "ಈ ಗೀಚು ಯಾರದು? ಹಮಾಲನದಾ, ವಾಚ್‌ಮನ್‌ದಾ?" ಅಂತ ಎದುರು ವಕೀಲರು ನನ್ನನ್ನ ಹಿಂಡಿ ಹಾಕಿದರು. ಆದರೆ ಅದೇ ಲಾರಿ ನಂಬರು, ಅದೇ ತೂಕ ಎಲ್‌ಆರ್‌ನಲ್ಲೂ ಇತ್ತು, ವೇಬ್ರಿಜ್ ಚೀಟಿಯಲ್ಲೂ ಇತ್ತು. ಮಾಲೇ ಬಂದಿಲ್ಲ ಅಂದವರು ಅದೇ ಬಿಲ್ಲಿನ ಮೇಲೆ ಜಿಎಸ್‌ಟಿ ಕ್ರೆಡಿಟ್ (ಖರೀದಿಗೆ ಕೊಟ್ಟ ತೆರಿಗೆಯ ವಜಾ) ಬೇರೆ ತಗೊಂಡಿದ್ದರು! ಆಮೇಲೆ ಸಹಿಯ ಮಾತೇ ಎತ್ತಲಿಲ್ಲ. ನಿಮ್ಮ ಸಿಎ ಹತ್ತಿರ ಹೇಳಿ, ನಿಮ್ಮ ಬಿಲ್ಲುಗಳು ಜಿಎಸ್‌ಟಿ ರಿಟರ್ನಿನಲ್ಲಿ ಸರಿಯಾಗಿ ಹೋಗಿವೆಯಾ ಅಂತ ಮೊದಲು ನೋಡಿಸಿ.

ವಾಟ್ಸಾಪ್ ವಿಷಯ. ಸುಮ್ನೆ ಸ್ಕ್ರೀನ್‌ಶಾಟ್ ಪ್ರಿಂಟ್ ತೆಗೆದು ಕೊಟ್ಟರೆ ಆಗಲ್ಲ, ಅದೇ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಸರ್ಟಿಫಿಕೇಟ್ ಬೇಕು. ಅದರಲ್ಲಿ ಎರಡು ಭಾಗ, ಒಂದಕ್ಕೆ ನಿಮ್ಮ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ. ಟ್ಯಾಲಿ ಪ್ರಿಂಟ್‌ಗೂ ಇದೇ ನಿಯಮ. ಆ ಫೋನ್ ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ. "ಮುಂದಿನ ತಿಂಗಳು ಕೊಡ್ತೀನಿ" ಅಂತ ಅವರು ಬರೆದ ಮೆಸೇಜ್ ಇದ್ದರೆ ನಿಮ್ಮ ಹತ್ತು ಬಿಲ್ಲಿಗಿಂತ ಅದರ ತೂಕ ಜಾಸ್ತಿ.

ಮಾಲು ಯಾವಾಗ ಕಳಿಸಿದ್ದು ಅಂತ ನೀವು ಬರೆದಿಲ್ಲ. ಉದ್ರಿಯ ಗಡುವು ಮಾತಾಡಿರದಿದ್ದರೆ ಮಾಲು ಮುಟ್ಟಿದ ದಿನದಿಂದ ಮೂರು ವರ್ಷದೊಳಗೆ ದಾವೆ ಹಾಕಬೇಕು. ಬಾಕಿ ಮೂರು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಕಮರ್ಷಿಯಲ್ ಕೋರ್ಟು. ಅಲ್ಲಿ ತುರ್ತು ಆದೇಶ ಬೇಕಿಲ್ಲದಿದ್ದರೆ ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕು. ವಕೀಲರನ್ನ ನೋಡೋಕೆ ಮುಂಚೆ ಲಾರಿ ಆಫೀಸಿಗೆ ಫೋನ್ ಮಾಡಿ ಎಲ್‌ಆರ್ ಕಾಪಿ ಕೇಳಿ, ಹಳೇ ಕಟ್ಟುಗಳನ್ನ ಅವರು ಜಾಸ್ತಿ ದಿನ ಇಟ್ಟುಕೊಳ್ಳಲ್ಲ.