ಹೊಸ 450 ಸಿಸಿ ಅಡ್ವೆಂಚರ್ ಬೈಕಿಗೆ ಕಾಯುತ್ತಿದ್ದೇನೆ. ಸ್ಪೆಕ್ ಶೀಟ್ ಬಂದಾಗ ಮೊದಲು ಏನು ನೋಡಬೇಕು?

ಪವರ್ ಆಮೇಲೆ ನೋಡಿ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450ರದ್ದು 40 ಪಿಎಸ್ (ಅಶ್ವಶಕ್ತಿಯ ಅಳತೆ), ಕೆಟಿಎಂ 390 ಅಡ್ವೆಂಚರ್‌ದು 46. ಯುರೋಪಿನಲ್ಲಿ ಮಧ್ಯಮ ಶಕ್ತಿಯ ಬೈಕಿಗೆ ಕೊಡುವ ಎ2 ಲೈಸೆನ್ಸಿನ ಮಿತಿ 35 ಕಿಲೋವ್ಯಾಟ್, ಅಂದರೆ ಸುಮಾರು 48 ಪಿಎಸ್. ಆದ್ದರಿಂದ ಈ ವರ್ಗದ ಬೈಕುಗಳು ಅದನ್ನು ದಾಟುವುದು ಅಪರೂಪ.

ಮೊದಲು ನೋಡಬೇಕಾದ್ದು ಚಕ್ರ. ಮುಂದೆ 21 ಇಂಚಿದ್ದರೆ ಕಲ್ಲು, ಗುಂಡಿ ಸಲೀಸು. 19 ಇಂಚಿನದು ಡಾಂಬರು ರಸ್ತೆಯ ತಿರುವಿನಲ್ಲಿ ಚುರುಕು. ಸ್ಪೋಕ್ ಚಕ್ರವಾದರೆ ಟ್ಯೂಬ್‌ಲೆಸ್ ಹೌದೋ ಅಲ್ಲವೋ ಕೇಳಿಯೇ ಬುಕ್ ಮಾಡಿ. ಸಾಮಾನ್ಯ ಸ್ಪೋಕ್ ರಿಮ್ಮಿನಲ್ಲಿ ನಿಪ್ಪಲ್ (ಸ್ಪೋಕ್ ಕಡ್ಡಿಯನ್ನು ಬಿಗಿಯುವ ಪುಟ್ಟ ನಟ್) ಕೂರುವ ತೂತುಗಳಿಂದ ಗಾಳಿ ಸೋರುತ್ತದೆ, ಹಾಗಾಗಿ ಟ್ಯೂಬ್ ಬೇಕೇ ಬೇಕು. ಟ್ಯೂಬ್‌ಲೆಸ್ ಪಂಕ್ಚರ್ ಆದರೆ ಮೊಳೆ ಕಿತ್ತು, ತೂತು ಉಜ್ಜುವ ರೀಮರ್ ಆಡಿಸಿ, ಪ್ಲಗ್ ತುರುಕಿ ಗಾಳಿ ಹೊಡೆದರೆ ಮುಗಿಯಿತು. ಟ್ಯೂಬ್ ಇದ್ದರೆ ಆಕ್ಸಲ್ ಬಿಚ್ಚಿ ಚಕ್ರವನ್ನೇ ಕಳಚಬೇಕು. ಟೈರ್ ಲಿವರ್ ತುಸು ಆಳಕ್ಕೆ ಹೋದರೂ ಹೊಸ ಟ್ಯೂಬಿಗೂ ತೂತು. ಘಟ್ಟದ ಮಳೆಯಲ್ಲಿ ಈ ಕೆಲಸ ಯಾರಿಗೂ ಬೇಡ!

ಸೀಟಿನ ಎತ್ತರ 825 ಮಿ.ಮೀ. ಎಂದು ಕಂಡ ಕೂಡಲೇ ಹೆದರಬೇಡಿ. ಕೂತಾಗ ಸಸ್ಪೆನ್ಷನ್ ತಗ್ಗುತ್ತದೆ. ಸೀಟಿನ ಮುಂಭಾಗ ಕಿರಿದಾಗಿದ್ದರೆ ಕಾಲು ಇನ್ನಷ್ಟು ಎಟಕುತ್ತದೆ. ಷೋರೂಮಿಗೆ ರೈಡಿಂಗ್ ಬೂಟು ಹಾಕಿಕೊಂಡೇ ಹೋಗಿ.

ತೂಕ ಹೋಲಿಸುವಾಗ ಎರಡು ಬೈಕುಗಳದ್ದೂ ಕರ್ಬ್ ತೂಕವೇ (ಪೆಟ್ರೋಲ್, ಆಯಿಲ್ ಸೇರಿದ್ದು) ಆಗಿರಲಿ. ಕೆಲವರು ಇವನ್ನು ಬಿಟ್ಟು ಡ್ರೈ ತೂಕ ಹಾಕಿ ಹಗುರ ಎನ್ನುತ್ತಾರೆ. 17 ಲೀಟರ್ ಪೆಟ್ರೋಲೊಂದೇ ಸುಮಾರು 13 ಕೆ.ಜಿ.